ಮೂರನೇ ದಿನ ಕೇಳಿದ ಪ್ರಶ್ನೆ

ಹೋದ ತಿಂಗಳು ನಮ್ಮ ಹಳೆಯ ಆಸ್ಪತ್ರೆಯಿಂದ ಇಬ್ಬರು ಹುಡುಗಿಯರು ಹೊಸಹಳ್ಳಿಯ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಬೆಂಕಿ, ಪ್ರವಾಹ, ಗಲಭೆ, ಕಟ್ಟಡ ಕುಸಿತ, ಇಂಥದ್ದರಲ್ಲಿ ಬದುಕುಳಿದವರ ಮನಸ್ಸು ನೋಡಿಕೊಳ್ಳುವ ವಿಭಾಗದಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಅವರು ಅದೇ ವಿಭಾಗಕ್ಕೆ ಹೊಸದಾಗಿ ಸೇರಿದವರು. "ಮೇಡಂ, ಹೊಸ ಬ್ಯಾಚಿಗೆ ನಿಮ್ಮ ಅನುಭವ ಬರ್ಕೊಡಿ. ಸ್ವಲ್ಪ ಇನ್ಸ್‌ಪೈರಿಂಗ್ ಆಗಿರಲಿ" ಅಂದರು. ನನಗೆ ನಗು ಬಂತು. ಬಡ್ತಿ ಯಾವಾಗ ಬಂತು, ಯಾರು ಶಾಲು ಹೊದಿಸಿದರು ಅನ್ನುವುದೆಲ್ಲ ನನಗೇ ಮರೆತುಹೋಗಿದೆ. ನೆನಪಿರುವುದು ಕೆಲವು ಸಣ್ಣ ತಪ್ಪುಗಳು, ಒಂದು ದೊಡ್ಡ ತಪ್ಪು. ಬೇಕಾದರೆ ಅದನ್ನು ಬರೆದುಕೊಡುತ್ತೇನೆ ಅಂದೆ.

"ಒಬ್ರೇ ಇದೀರಾ ಮೇಡಂ? ಬೋರ್ ಆಗಲ್ವಾ?" ಎಂದು ಅವರಲ್ಲಿ ಚಿಕ್ಕವಳು ಕೇಳಿದಳು. ಕೇಳಿದವಳೇ ನಾಲಿಗೆ ಕಚ್ಚಿಕೊಂಡಳು. ಆಗುತ್ತೆ ಕಣೇ, ಅಂದೆ. ಅವರು ಹೋದ ಮೇಲೆ ಮೂರು ಲೋಟ ತೊಳೆದಿಟ್ಟೆ. ನಮ್ಮ ಮನೆಯಲ್ಲಿ ಒಟ್ಟಿಗೆ ಮೂರು ಲೋಟ ತೊಳೆದು ಎಷ್ಟು ದಿನವಾಗಿತ್ತೋ ಏನೋ.

ಮೊದಲು ಚೀಲದ ವಿಷಯ ಹೇಳುತ್ತೇನೆ. ಕೆಲಸಕ್ಕೆ ಸೇರಿದ ವರ್ಷ ನನ್ನ ಚೀಲದಲ್ಲಿ ಪ್ರಶ್ನಾವಳಿ, ಎರಡು ಪೆನ್ನು, ಕಾರ್ಬನ್ ಪೇಪರು ಇರುತ್ತಿದ್ದವು. ಕೊನೆಯ ವರ್ಷ ಅದೇ ಚೀಲದಲ್ಲಿ ನೀರಿನ ಬಾಟಲಿ, ಬಿಸ್ಕತ್ತು, ಸೇಫ್ಟಿ ಪಿನ್ನು, ಪ್ಯಾಡು, ಫೋನಿನ ಚಾರ್ಜರು, ಬಾಚಣಿಗೆ ಇದ್ದವು. ಬಾಚಣಿಗೆ ಯಾಕೆ ಅಂದರೆ, ಮನೆಮಠ ಕಳೆದುಕೊಂಡ ಹೆಂಗಸು ನಮ್ಮನ್ನು ಬಾಯಿಬಿಟ್ಟು ಕೇಳುವ ಮೊದಲ ವಸ್ತು ಸಾಮಾನ್ಯವಾಗಿ ಅದೇ. ಪ್ರಶ್ನಾವಳಿ ಹೋಗಿ ಬಾಚಣಿಗೆ ಬರಲು ಮೂವತ್ತು ವರ್ಷ ಹಿಡಿಯಿತು. ನನ್ನ ವೃತ್ತಿಯ ಚರಿತ್ರೆ ಅಷ್ಟೇ ಅಂದರೂ ತಪ್ಪಿಲ್ಲ.

ನಾನು ಸೇರಿದಾಗ ನಮ್ಮ ಮೇಲಿನವರು ಡಾಕ್ಟರ್ ಅನಂತಯ್ಯ. ಎತ್ತರದ ಆಳು, ಬಿಳಿ ಸಫಾರಿ, ಮೂಗಿನ ತುದಿಯಲ್ಲೇ ಕೋಪ. ಕೆಟ್ಟವರಲ್ಲ. ಎಲ್ಲಿ ಅನಾಹುತವಾದರೂ ಜೀಪಿನಲ್ಲಿ ಮೊದಲು ಹತ್ತಿ ಕೂರುತ್ತಿದ್ದವರು ಅವರೇ. ಅವರದೊಂದು ಗಟ್ಟಿ ನಂಬಿಕೆಯಿತ್ತು. "ಕೀವು ತುಂಬಿದ ಹುಣ್ಣು ಒಡೀಬೇಕು ಕಣಮ್ಮ ಗಿರಿಜಾ. ಒಡೀದಿದ್ರೆ ಒಳಗೇ ಕೊಳೆಯುತ್ತೆ" ಅನ್ನುತ್ತಿದ್ದರು. ಅವರೊಬ್ಬರ ಹುಚ್ಚಲ್ಲ ಅದು, ಆ ಕಾಲದಲ್ಲಿ ಬಹಳ ಕಡೆ ನಡೆಯುತ್ತಿದ್ದ ಪದ್ಧತಿ. ಅನಾಹುತವಾದ ಮೂರು ದಿನದೊಳಗೆ ಬದುಕುಳಿದವರನ್ನು ಒಂದು ಕಡೆ ಸುತ್ತಲೂ ಕೂರಿಸಬೇಕು. ಒಬ್ಬೊಬ್ಬರಾಗಿ ಏನು ಕಂಡಿರಿ, ಏನು ಕೇಳಿಸಿತು, ನೀವೇನು ಮಾಡಿದಿರಿ ಎಂದು ಹೇಳಿಸಬೇಕು. ನಮ್ಮ ಭಾಷೆಯಲ್ಲಿ ಅದಕ್ಕೆ "ಸುತ್ತು ಕೂರಿಸೋದು" ಎಂದು ಹೆಸರು. ಅತ್ತವರ ಹೆಸರಿನ ಮುಂದೆ ನಾವು ಟಿಕ್ ಹಾಕಿಕೊಳ್ಳುತ್ತಿದ್ದೆವು.

ನಮ್ಮ ಕಡೆ ಮೂರನೇ ದಿನವೆಂದರೆ ಹಾಲು-ತುಪ್ಪದ ದಿನ. ಮಣ್ಣು ಮಾಡಿದ ಜಾಗಕ್ಕೆ ಹೋಗಿ ಹಾಲು ಎರೆದು, ಸತ್ತವರಿಗೆ ಇಷ್ಟವಾದ ತಿಂಡಿ ಎಡೆಯಿಟ್ಟು ಬರುವ ದಿನ. ನಾನು ಕೆಂಗೇರಿ ಕಡೆಯ ಸೊಪ್ಪು ಬೆಳೆಯುವವರ ಮನೆಯ ಮಗಳು. ನಮ್ಮಜ್ಜಿಯ ಹಾಲು-ತುಪ್ಪಕ್ಕೆ ಹೋಗಿದ್ದವಳು. ಆದರೂ ಆ ದಿನ ಸುತ್ತು ಕೂರಿಸಬಾರದು ಎಂದು ಒಂದು ಸಲವೂ ನನ್ನ ತಲೆಗೆ ಹೊಳೆಯಲಿಲ್ಲ. ಓದಿದ್ದು ಹೆಚ್ಚಾದರೆ ಹೀಗೆ.

ಸಣ್ಣ ತಪ್ಪೊಂದನ್ನು ಮೊದಲು ಹೇಳಿಬಿಡುತ್ತೇನೆ. ಉತ್ತರದ ಕಡೆ ಹೊಳೆ ಉಕ್ಕಿ ಊರುಗಳು ಮುಳುಗಿದ ವರ್ಷ ಒಂದು ಶಾಲೆಯಲ್ಲಿ ಹಾಕಿದ್ದ ಶಿಬಿರಕ್ಕೆ ಹೋಗಿದ್ದೆ. ಅಲ್ಲೊಬ್ಬ ಮುದುಕರು ಗೋಡೆಗೆ ಮುಖ ಮಾಡಿ ಕೂತಿದ್ದರು. ಯಾರು ಮಾತಾಡಿಸಿದರೂ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ, ಊಟದ ಸಾಲಿಗೆ ಏಳುತ್ತಿರಲಿಲ್ಲ. ತೀವ್ರ ಖಿನ್ನತೆ ಎಂದು ಬರೆದುಕೊಂಡೆ. ಮೂರು ದಿನ ಅವರೆದುರು ಕೂತು "ನಿಮ್ಮ ಮನಸ್ಸಿನಲ್ಲಿ ಏನಿದೆ ಹೇಳಿ ಅಜ್ಜ" ಎಂದು ತಲೆ ತಿಂದೆ. ನಾಲ್ಕನೇ ದಿನ ಅವರಿಗೆ ರೇಗಿತು. "ಯವ್ವಾ, ಮನಸ್ನಾಗೇನೂ ಇಲ್ಲ. ನನ್ನ ಚಸ್ಮಾ ಹೊಳಿ ಪಾಲಾತು. ನೀ ಯಾರಂತ ನಂಗ ಕಾಣವಲ್ದು, ತಾಟು ಎಲ್ಲೈತಿ ಅಂತ ಕಾಣವಲ್ದು. ಅದನ್ನ ಯಾರೂ ಕೇಳವಲ್ರು!" ಅಂದರು. ಕಣ್ಣಿನ ಡಾಕ್ಟರನ್ನು ಕರೆತಂದು ಕನ್ನಡಕ ಕೊಡಿಸಿದೆವು. ಹಾಕಿಕೊಂಡು ನನ್ನ ಮುಖ ನೋಡಿ, "ಅಯ್ಯ, ಇಷ್ಟು ಸಣ್ಣಾಕಿ ಅದೀಯಲ್ಲವಾ!" ಅಂದರು. ಆಮೇಲೆ ತಾವಾಗಿಯೇ ಮುಳುಗಿದ ಮನೆಯ ಮಾತು ತೆಗೆದು ಅತ್ತರು. ಅಳುವುದಕ್ಕೂ ಎದುರಿಗಿರುವವರ ಮುಖ ಕಾಣಬೇಕಲ್ಲ. ಬೆಂಗಳೂರಿಗೆ ಬಂದು ಇದನ್ನು ಅನಂತಯ್ಯನವರಿಗೆ ಹೇಳಿದರೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾನೂ ನಕ್ಕೆ. ಪಾಠ ಮಾತ್ರ ಇಬ್ಬರೂ ಕಲಿಯಲಿಲ್ಲ.

ಮನೆಯ ವಿಷಯವನ್ನೂ ಹೇಳಬೇಕು. ನನ್ನ ಗಂಡ ವಿದ್ಯುತ್ ಇಲಾಖೆಯಲ್ಲಿ ಗುಮಾಸ್ತರು, ಒಳ್ಳೆಯ ಮನುಷ್ಯ. ಮದುವೆಯಾದ ಹೊಸದರಲ್ಲಿ ಒಂದು ದಿನ ಊಟಕ್ಕೆ ಕೂತಾಗ ಕುಸಿದ ಕಟ್ಟಡದ ಕೆಳಗಿನಿಂದ ಮಗುವನ್ನು ತೆಗೆದದ್ದನ್ನು ಹೇಳಿದೆ. ಅವರು ತಟ್ಟೆ ಬಿಟ್ಟು ಎದ್ದುಹೋದರು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವತ್ತಿನಿಂದ ಆಸ್ಪತ್ರೆಯ ಮಾತನ್ನು ಚಪ್ಪಲಿ ಬಿಡುವ ಹಾಗೆ ಬಾಗಿಲಾಚೆ ಬಿಟ್ಟು ಬರುವುದೆಂದು ನಾನೇ ತೀರ್ಮಾನ ಮಾಡಿದೆ. ನಮಗೆ ಮಕ್ಕಳಾಗಲಿಲ್ಲ. ಸಂಜೆ ಇಬ್ಬರೂ ತರಕಾರಿ ಬೆಲೆ, ಪಕ್ಕದ ಮನೆಯವರ ಕಾರು, ನೀರು ಬರದ ಸಂಕಟ ಮಾತಾಡುತ್ತಿದ್ದೆವು. ಎಷ್ಟೋ ಸಲ ಅವರೇ "ಇವತ್ತು ಏನಾಯ್ತು?" ಎಂದು ಕೇಳಲು ಬಾಯಿ ತೆರೆದು ಸುಮ್ಮನಾದದ್ದು ನನಗೆ ಗೊತ್ತಾಗುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರೆ. ನಾನು ಮಾರಿಯಾಗಲಿಲ್ಲ, ಆದರೆ ಮನೆಗೆ ಮೂಗಿಯಾದೆ. ಹೊಸ ಹುಡುಗಿಯರು ಈ ತಪ್ಪು ಮಾಡಬೇಡಿ. ಹೆಸರು, ಊರು ಬಿಟ್ಟು ಅರ್ಧವನ್ನಾದರೂ ಯಾರಿಗಾದರೂ ಹೇಳಿಕೊಳ್ಳಿ.

ಇನ್ನು ದೊಡ್ಡ ತಪ್ಪು.

ಆಗ ಈ ಕಡೆ ಮೆಟ್ರೋ ಇರಲಿಲ್ಲ. ಮಾಗಡಿ ರಸ್ತೆಯಿಂದ ಒಳಗೆ, ಕಾಮಾಕ್ಷಿಪಾಳ್ಯದ ಒಂದು ಗಲ್ಲಿಯಲ್ಲಿ, ಎರಡನೇ ಮಹಡಿಯಲ್ಲಿದ್ದ ಸಣ್ಣ ಗಾರ್ಮೆಂಟ್ಸಿಗೆ ಊಟದ ಬೆಲ್ಲಿಗೆ ಸ್ವಲ್ಪ ಮುಂಚೆ ಬೆಂಕಿ ಬಿತ್ತು. ಮೆಟ್ಟಿಲ ಮೇಲೆ ಬಟ್ಟೆಯ ಬಂಡಲು ಪೇರಿಸಿದ್ದರು. ಸತ್ತವರಲ್ಲಿ ಹೆಚ್ಚಿನವರು ಸತ್ತದ್ದು ಉರಿಯಿಂದಲ್ಲ, ಹೊಗೆಯಿಂದ.

ಬದುಕಿ ಬಂದವರಲ್ಲಿ ಒಬ್ಬಳನ್ನು ಮಂಜುಳಾ ಎಂದು ಕರೆಯುತ್ತೇನೆ. ನಿಜವಾದ ಹೆಸರು ಅದಲ್ಲ, ಇಲ್ಲಿ ಬರುವ ಬೇರೆಯವರ ಹೆಸರುಗಳೂ ನಿಜವಲ್ಲ. ಇಪ್ಪತ್ನಾಲ್ಕು ವರ್ಷದ ಟೈಲರ್. ಪಕ್ಕದ ಮಷೀನಿನಲ್ಲಿ ಕೂರುತ್ತಿದ್ದ ಸವಿತಾ ಅವಳ ನಾದಿನಿ, ಗಂಡ ಲೋಕೇಶನ ತಂಗಿ. ಸವಿತಾ ಬದುಕಲಿಲ್ಲ. ಅತ್ತೆ ಚನ್ನಮ್ಮನಿಗೆ ಅವಳು ಕೊನೆಯ ಮಗಳು. ಹನ್ನೊಂದು ಮನೆಗೆ ಒಂದೇ ನಲ್ಲಿಯಿದ್ದ ವಠಾರದಲ್ಲಿ ಅವರೆಲ್ಲ ಒಟ್ಟಿಗಿದ್ದರು.

ಮೂರನೇ ದಿನ ನಾವು ಹೋದಾಗ ಮನೆಯವರೆಲ್ಲ ಹಾಲು-ತುಪ್ಪಕ್ಕೆ ಹೋಗಿದ್ದರು. ಕೈ ಸುಟ್ಟಿದ್ದ ಮಂಜುಳಾ ಒಬ್ಬಳೇ ಹೊಸ್ತಿಲ ಮೇಲೆ ಕೂತಿದ್ದಳು. ಕರೆದರೆ ಎದ್ದು ಬಂದಳು. ಅಂಗನವಾಡಿಯ ಕೋಣೆಯಲ್ಲಿ ಮಕ್ಕಳ ಚಾಪೆಯ ಮೇಲೆ ಎಂಟು ಜನರನ್ನು ಸುತ್ತು ಕೂರಿಸಿದೆ. ಅದೇ ವಠಾರದ ಪಾರ್ವತಿ, ಅವಳೂ ಆ ಗಾರ್ಮೆಂಟ್ಸಿನ ಟೈಲರೇ, ಮಂಜುಳಾಳ ಎದುರಿಗೇ ಕೂತಿದ್ದಳು. "ಇಲ್ಲಿ ಆಡಿದ ಮಾತು ಇಲ್ಲೇ ಇರಲಿ" ಎಂದು ನಿಯಮದ ಪ್ರಕಾರ ಹೇಳಿ ಶುರು ಮಾಡಿದೆ.

ಮಂಜುಳಾಳ ಸರದಿ ಬಂತು.

"ಹೊಗೆ ಬಂತು. ಸವಿತನ ಕೈ ಹಿಡ್ಕೊಂಡೆ" ಅಂದಳು.

"ಆಮೇಲೆ?"

"ಬಾಗ್ಲು ತಂಕ ಬಂದ್ವಿ."

"ಕೈ ಹಿಡ್ಕೊಂಡೇ ಬಂದ್ರಾ?"

"ಹೂಂ."

ಅಲ್ಲಿಗೆ ನಿಲ್ಲಿಸಿದಳು. ಇವತ್ತಾಗಿದ್ದರೆ ನಾನೂ ಅಲ್ಲಿಗೆ ನಿಲ್ಲಿಸಿ ನೀರು ಕೊಡುತ್ತಿದ್ದೆ. ಆದರೆ ಮಾತು ನಿಂತ ಕಡೆಯೇ ಕೀವಿದೆ ಎಂದು ನಮಗೆ ಕಲಿಸಿದ್ದರು. ನಾನು ಮುಂದಕ್ಕೆ ಬಾಗಿ, ಆದಷ್ಟು ಮೆತ್ತಗಿನ ದನಿಯಲ್ಲಿ, "ಮತ್ತೆ ಸವಿತಾ ಹೇಗೆ ಹಿಂದೆ ಉಳಿದ್ರು ಮಂಜುಳಾ? ಕೈ ಹೇಗೆ ಬಿಟ್ಟುಹೋಯ್ತು?" ಎಂದು ಕೇಳಿದೆ.

ಅವಳು ಪಾರ್ವತಿಯ ಕಡೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಧೈರ್ಯ ತಂದುಕೊಳ್ಳುತ್ತಿದ್ದಾಳೆ ಅಂದುಕೊಂಡೆ.

"ನಾನೇ ಬಿಟ್ಟೆ" ಅಂದಳು. ಅಷ್ಟು ಹೇಳಿ ಅಳಲು ಶುರುಮಾಡಿದಳು.

ನಾನು ಟಿಕ್ ಹಾಕಿದೆ. ಅವತ್ತಿನ ವರದಿಯಲ್ಲಿ ಅವಳ ಬಗ್ಗೆ ನಾಲ್ಕು ಸಾಲು ಹೆಚ್ಚಿಗೆ ಬರೆದೆ. ಅನಂತಯ್ಯನವರು ಓದಿ, "ವೆರಿ ಗುಡ್ ಗಿರಿಜಾ, ಇದು ಕೆಲಸ ಅಂದ್ರೆ" ಅಂದರು. ವಿಜಯನಗರದಲ್ಲಿ ಬಸ್ಸಿಳಿದು ಮನೆಗೆ ನಡೆಯುವಾಗ ನನಗೆ ಹೆಮ್ಮೆಯಾಗಿತ್ತು. ಸುಳ್ಳು ಯಾಕೆ ಹೇಳಲಿ, ತುಂಬ ಹೆಮ್ಮೆಯಾಗಿತ್ತು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ಮಾತು ಸಂಜೆಯೊಳಗೆ ನಲ್ಲಿಯ ಹತ್ತಿರ ತಲುಪಿತು, ನಲ್ಲಿಯಿಂದ ಚನ್ನಮ್ಮನ ಕಿವಿಗೆ. ಪಾರ್ವತಿ ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದ್ದನ್ನು ಕೇಳಿಸಿಕೊಂಡವರು ಇನ್ನೊಬ್ಬರಿಗೆ ಹೇಳಿಯೇ ಹೇಳುತ್ತಾರೆ. ಎಂಟು ಜನರ ಮುಂದೆ ಹೇಳಿಸಿದವಳು ನಾನು.

ಮುಂದಿನ ಗುರುವಾರ ಅವರ ಮನೆಗೆ ಹೋದೆ. ಮಂಜುಳಾ ಅತ್ತೆಗೆ ಕಾಫಿ ತಂದಳು. ಚನ್ನಮ್ಮ ಕೈ ಚಾಚಲಿಲ್ಲ. "ಅಲ್ಲಿ ಇಡು" ಅಂದರು. ಮಂಜುಳಾ ಲೋಟವನ್ನು ನೆಲದ ಮೇಲಿಟ್ಟು ಒಳಗೆ ಹೋದ ಮೇಲೆ ಎತ್ತಿಕೊಂಡರು. ಸುಮ್ಮನೆ ಹಾಗಂದರೇನೋ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಮಾತ್ರೆ ತಂದಳು. "ಅಲ್ಲಿ ಇಡು." ನೀರು ತಂದಳು. "ಅಲ್ಲಿ ಇಡು." ಮಗಳ ಕೈ ಬಿಟ್ಟ ಕೈಯಿಂದ ಆ ಮನೆಯಲ್ಲಿ ಯಾರೂ ಏನನ್ನೂ ಈಸಿಕೊಳ್ಳುತ್ತಿರಲಿಲ್ಲ. ಅವಳು ಮಾಡಿದ ಅಡುಗೆ ತಿನ್ನುತ್ತಿದ್ದರು, ಅವಳು ತುಂಬಿದ ನೀರು ಕುಡಿಯುತ್ತಿದ್ದರು, ಕೈಯಿಂದ ಕೈಗೆ ಮಾತ್ರ ಇಲ್ಲ. ತಾಯಿಯ ಎದುರಿಗೆ ಲೋಕೇಶನೂ ಹಾಗೇ ಮಾಡುತ್ತಿದ್ದ.

ಹೊಗೆಯಲ್ಲಿ ಯಾರ ಕೈಯೂ ನಿಲ್ಲುವುದಿಲ್ಲ, ಅದು ಯಾರ ತಪ್ಪೂ ಅಲ್ಲ ಎಂದು ಚನ್ನಮ್ಮನಿಗೆ ಉಪದೇಶ ಮಾಡಲು ಹೊರಟೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿಮಗೆ ಮಕ್ಕಳೆಷ್ಟು ಮೇಡಂ?"

"ಇಲ್ಲಮ್ಮ."

"ಹಂಗಾದ್ರೆ ಸುಮ್ನಿರಿ."

ಆ ಒಂದು ಏಟಿಗೆ ನನ್ನ ಓದೆಲ್ಲ ಮೂಲೆ ಸೇರಿತು.

ಹೆಚ್ಚುಕಡಿಮೆ ಒಂದು ವರ್ಷ ಪ್ರತಿ ಗುರುವಾರ ಹೋದೆ. ಮಂಜುಳಾ ಗಾರ್ಮೆಂಟ್ಸಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಹೊಲಿದ ಶರ್ಟುಗಳ ದಾರ ಕತ್ತರಿಸುವ ಕೆಲಸ ತಂದುಕೊಂಡಿದ್ದಳು. ನಾನು ಹೋದರೆ ಒಂದು ಕಟ್ಟರು ನನ್ನ ಮುಂದೆ ಇಡುತ್ತಿದ್ದಳು. ಕೈಗೆ ಕೊಡುತ್ತಿರಲಿಲ್ಲ. ಅಷ್ಟರಲ್ಲಿ ಯಾರೂ ಹೇಳದೆಯೇ ಎಲ್ಲವನ್ನೂ ಕೆಳಗೆ ಇಡುವುದು ಅವಳಿಗೆ ರೂಢಿಯಾಗಿತ್ತು. ಇಬ್ಬರೂ ಕೂತು ದಾರ ಕತ್ತರಿಸುತ್ತಿದ್ದೆವು. ಅವಳು ಮಾತಾಡುತ್ತಿರಲಿಲ್ಲ. ನನಗೆ ಏನು ಕೇಳಬೇಕೋ ಗೊತ್ತಾಗುತ್ತಿರಲಿಲ್ಲ. ಅವಳ ಎದುರಿಗೆ ಕೂತಾಗ ಅನ್ನಿಸಿದಷ್ಟು ಒಂಟಿತನ ನನಗೆ ಎಲ್ಲೂ ಅನ್ನಿಸಿರಲಿಲ್ಲ. ಅವಳ ಒಂಟಿತನ ಎಷ್ಟಿತ್ತೋ.

ಒಂದು ಗುರುವಾರ ಹೋದರೆ ಬಾಗಿಲಿಗೆ ಬೀಗ. ಮನೆ ಖಾಲಿ ಮಾಡಿದರು ಎಂದು ಯಾರೋ ಅಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಎರಡು ಟೀ ಅಂಗಡಿಯಲ್ಲಿ ವಿಚಾರಿಸಿದ್ದರೆ ಸಿಗುತ್ತಿತ್ತು. ವಿಚಾರಿಸದೆ ತಿರುಗಿ ಬಂದೆ. ಬರುವಾಗ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಈ ಕಥೆಗೆ ಬೆಲೆಯಿಲ್ಲ.

ಕೆಲವು ವರ್ಷಗಳ ನಂತರ ನಮಗೆಲ್ಲ ಒಂದು ತರಬೇತಿ ನಡೆಯಿತು. ಹೊರಗಿನಿಂದ ಬಂದಿದ್ದ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಇನ್ನು ಮುಂದೆ ಸುತ್ತು ಕೂರಿಸಬೇಡಿ ಅಂದರು. ಅದರಿಂದ ಪ್ರಯೋಜನವಿಲ್ಲವೆಂದು ತಿಳಿದಿದೆ, ಕೆಲವರಿಗೆ ಹಾನಿಯೂ ಆಗುತ್ತದೆ. ಮೊದಲು ನೀರು, ಊಟ, ಮನೆಯವರ ಸುದ್ದಿ. ಅವರಾಗಿ ಹೇಳಿದರೆ ಕೇಳಿ, ಕೆದಕಬೇಡಿ ಅಂದರು. ಸುತ್ತಲಿದ್ದವರೆಲ್ಲ ಬರೆದುಕೊಂಡರು. ನನ್ನ ಪೆನ್ನು ಏಳಲಿಲ್ಲ. ಹೊರಗೆ ಹೋಗಿ ಕೈತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟುಕೊಂಡು ನಿಂತೆ.

ಆ ಭಾನುವಾರ ಬಸವೇಶ್ವರನಗರಕ್ಕೆ, ಅನಂತಯ್ಯನವರ ಮನೆಗೆ ಹೋದೆ. ಅವರು ನಿವೃತ್ತರಾಗಿದ್ದರು, ಹೆಂಡತಿ ತೀರಿಕೊಂಡಿದ್ದರು. ಬಿಳಿ ಸಫಾರಿ ಹೋಗಿ ಮಾಸಿದ ಪಂಚೆ ಬಂದಿತ್ತು. "ಸಾರ್, ನಾವು ಮಾಡಿದ್ದು ತಪ್ಪಂತೆ" ಅಂದೆ.

"ಗೊತ್ತು. ನಾನೂ ಓದಿದೆ."

"ಕಾಮಾಕ್ಷಿಪಾಳ್ಯದ ಆ ಹುಡುಗಿ..."

"ಆಗ ನಮಗೆ ಗೊತ್ತಿದ್ದಿದ್ದು ಅಷ್ಟೇ ಕಣಮ್ಮ."

ಜಗಳವಾಡಬೇಕೆಂದೇ ಹೋಗಿದ್ದೆ. ಎದ್ದು ನಿಂತೆ. ಅವರು ಕೂತಲ್ಲಿಂದಲೇ, "ಒಂದು ಲೋಟ ಕಾಫಿ ಕುಡಿದು ಹೋಗು ಗಿರಿಜಾ. ಇಲ್ಲಿಗೆ ಯಾರೂ ಬರಲ್ಲ" ಅಂದರು. ಕೂತೆ. ಕಾಫಿ ನಾನೇ ಮಾಡಿದೆ. ಡಿಕಾಕ್ಷನ್ನು ಎರಡು ದಿನದ್ದು. ಕುಡಿದು, ಲೋಟ ತೊಳೆದಿಟ್ಟು ಬಂದೆ. ಈಗ ಅವರೂ ಇಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ಹೊಸ ಪದ್ಧತಿ ಕಲಿತೆ. ಕಲಿತದ್ದು ಅಂದರೆ ಬಾಯಿ ಮುಚ್ಚಿಕೊಂಡು ಕೂರುವುದು. ಅದು ಸುಲಭವಲ್ಲ. ಕೊರೊನಾ ಬಂದಾಗ ಮನೆಯಿಂದಲೇ ಸಹಾಯವಾಣಿಯ ಕೆಲಸ. ನನ್ನ ಯಜಮಾನರು ಹೋಗಿ ಆಗಲೇ ಒಂದು ವರ್ಷವಾಗಿತ್ತು. ಅವರು ಕೂರುತ್ತಿದ್ದ ಕುರ್ಚಿಯಲ್ಲೇ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಒಬ್ಬ ಗಂಡಸು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಕರೆ ಮಾಡುತ್ತಿದ್ದರು. ಮೊದಲ ದಿನ "ಮನೇಲಿ ಇನ್ಯಾರೂ ಇಲ್ಲ ಮೇಡಂ" ಅಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ಫೋನು ಪಕ್ಕದಲ್ಲಿಟ್ಟುಕೊಂಡು ಅಡುಗೆ ಮಾಡುತ್ತಿದ್ದರು. ಒಗ್ಗರಣೆಯ ಸದ್ದು, ಕುಕ್ಕರಿನ ಕೂಗು ಕೇಳಿಸುತ್ತಿತ್ತು. ನಾನು ಆಗಾಗ "ಇದೀನಿ ಸಾರ್" ಅನ್ನುತ್ತಿದ್ದೆ. ಕೊನೆಗೆ "ಊಟ ಆಯ್ತಾ ಮೇಡಂ ನಿಮ್ದು?" ಎಂದು ಕೇಳಿ ಇಡುತ್ತಿದ್ದರು. ಆ ಕಾಲದಲ್ಲಿ ನನ್ನನ್ನು ಹಾಗೆ ಕೇಳುತ್ತಿದ್ದ ಮನುಷ್ಯ ಅವರೊಬ್ಬರೇ. ಒಂದು ದಿನ ಕರೆ ಬರಲಿಲ್ಲ, ಆಮೇಲೆಂದೂ ಬರಲಿಲ್ಲ. ಈಗಲೂ ಹನ್ನೊಂದು ಗಂಟೆಗೆ ನನ್ನ ಕಿವಿ ಫೋನಿನ ಕಡೆ ಹೋಗುತ್ತದೆ.

ಹುಡುಗಿಯರು ಬಂದುಹೋದ ಮೇಲೆ ಬರೆಯಲು ಕೂತೆ. ಮಂಜುಳಾಳ ಹತ್ತಿರ ಬಂದಾಗ ಕೈ ನಿಂತಿತು. ಅವಳನ್ನು ಕೇಳದೆ ಅವಳ ಕಥೆ ಬರೆದರೆ ಎರಡನೇ ಸಲ ಸುತ್ತು ಕೂರಿಸಿದ ಹಾಗೆ. ಬರೆಯುವುದನ್ನು ಬಿಟ್ಟು ಕಾಮಾಕ್ಷಿಪಾಳ್ಯಕ್ಕೆ ಹೋದೆ. ವಠಾರ ಇನ್ನೂ ಇದೆ, ಪಾರ್ವತಿಯೂ ಅಲ್ಲೇ ಇದ್ದಾಳೆ, ಕೂದಲು ಪೂರ್ತಿ ಬೆಳ್ಳಗಾಗಿದೆ.

"ಮಂಜುಳನಾ? ನಾಯಂಡಹಳ್ಳೀಲವ್ಳೆ ಮೇಡಂ. ಗೋಡೌನ್ ಸಾಲಿನ ಹಿಂದೆ ಬ್ಲೌಸ್ ಹೊಲಿಯೋ ಅಂಗಡಿ ಇಟ್ಕೊಂಡವ್ಳೆ" ಅಂದಳು. ನಾನು ಹೊರಟಾಗ ಗೇಟಿನ ತನಕ ಬಂದು, "ಅವತ್ತು ನಲ್ಲಿ ಹತ್ರ ನಾನು ಬಾಯಿ ಬಿಡ್ಬಾರ್ದಿತ್ತು" ಅಂದಳು.

"ಅವಳ ಬಾಯಿ ನಾನು ಬಿಡಿಸಬಾರದಿತ್ತು ಪಾರ್ವತಿ" ಅಂದೆ.

ಹೊಸಹಳ್ಳಿಯಿಂದ ನಾಯಂಡಹಳ್ಳಿಗೆ ಮೆಟ್ರೋದಲ್ಲಿ ಕಾಲು ಗಂಟೆಯೂ ಇಲ್ಲ. ಅಷ್ಟು ದೂರ ಹೋಗಲು ನನಗೆ ಅಷ್ಟು ವರ್ಷ ಬೇಕಾಯಿತು.

ಒಂದೇ ಷಟರಿನ ಅಂಗಡಿ. ತಲೆಯೆತ್ತಿದವಳು ನನ್ನನ್ನು ಕೂಡಲೇ ಗುರುತು ಹಿಡಿದಳು. "ಬನ್ನಿ ಮೇಡಂ" ಅಂದಳು, ಹೋದ ಗುರುವಾರ ಬಂದುಹೋದವಳನ್ನು ಕರೆಯುವ ಹಾಗೆ. ಮೆಟ್ರೋದಲ್ಲಿ ಕೂತು ಜೋಡಿಸಿಕೊಂಡಿದ್ದ ಮಾತು ಉದ್ದವಿತ್ತು. "ತಪ್ಪಾಯ್ತು ಮಂಜುಳಾ. ಅವತ್ತು ನಾನು ಕೇಳಬಾರದಿತ್ತು" ಎಂದಷ್ಟೇ ಹೇಳಿದೆ. ಹೊಲಿದಿಟ್ಟ ಬ್ಲೌಸುಗಳ ರಾಶಿ ಪಕ್ಕದಲ್ಲಿತ್ತು, ಕಟ್ಟರೂ ಇತ್ತು. ನಾನು ಕಟ್ಟರು ತೆಗೆದುಕೊಂಡು ದಾರ ಕತ್ತರಿಸತೊಡಗಿದೆ. ಅವಳು ಮಷೀನು ತುಳಿದಳು. ಮೂರೋ ನಾಲ್ಕೋ ಬ್ಲೌಸು ಮುಗಿಯಿತು. ನಾನು ಏನನ್ನೂ ಕೇಳಲಿಲ್ಲ.

"ಮೇಡಂ, ಅವತ್ತು ನಾನು ಕೈ ಬಿಡ್ಲಿಲ್ಲ" ಅಂದಳು.

ನನ್ನ ಕೈಯಲ್ಲಿದ್ದ ಕಟ್ಟರು ನಿಂತಿತು.

"ಬಾಗ್ಲು ತಂಕ ಬಂದಿದ್ವಿ. ಅವ್ಳೇ ಕೈ ಎಳ್ಕೊಂಡ್ಳು. 'ಅತ್ಗೆ, ಚಪ್ಲಿ' ಅಂದ್ಳು. ಒಳಗಡೆ ಚಪ್ಲಿ ಹಾಕಂಗಿರ್ಲಿಲ್ವಲ್ಲ, ಹಿಂದ್ಗಡೆ ರ್‍ಯಾಕಲ್ಲಿ ಬಿಡ್ತಿದ್ವಿ. ಹೊಸಾ ಚಪ್ಲಿ ಮೇಡಂ. ಹಳೇದನ್ನ ಬಸ್ಸಲ್ಲಿ ಕಳ್ಕೊಂಡಿದ್ಲು. ಇದನ್ನೂ ಕಳ್ಕೊಂಡ್ರೆ ಮನೆಗೆ ಬರ್ಬೇಡ ಅಂತ ಅವತ್ತು ಬೆಳಿಗ್ಗೇನೇ ಅತ್ತೆ ಬೈದು ಕಳ್ಸಿದ್ರು. ಓಡೋದ್ಳು. ಆಮೇಲೆ ಕಾಣ್ಲಿಲ್ಲ."

ಮಷೀನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

"ನೀವು ಕೇಳಿದ್ರಿ. ಪಾರ್ವತಕ್ಕ ಎದುರಿಗೇ ಕೂತಿದ್ರು. ಏನಾದ್ರೂ ಹೇಳ್ಬೇಕಿತ್ತಲ್ಲ. ಚಪ್ಲಿಗೆ ಹೋದ್ಳು ಅಂದಿದ್ರೆ ಸಂಜೆಯೊಳಗೆ ಅತ್ತೆಗೆ ಗೊತ್ತಾಗ್ತಿತ್ತು. ಆಯಮ್ಮ ಉಳೀತಿರ್ಲಿಲ್ಲ ಮೇಡಂ. ನನ್ನ ಮೇಲೆ ಸಿಟ್ಟಿದ್ರೆ ಆ ಸಿಟ್ಟಲ್ಲಾದ್ರೂ ಬದುಕ್ತಾರೆ ಅನ್ನಿಸ್ತು. ಅದಕ್ಕೆ ನಾನೇ ಬಿಟ್ಟೆ ಅಂದೆ."

"ನಾನು ಕೇಳದೇ ಇದ್ದಿದ್ರೆ?" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

"ಏನೂ ಹೇಳ್ಬೇಕಾಗಿರ್ಲಿಲ್ಲ. ಹೊಗೇಲಿ ತಪ್ಪೋದ್ಳು ಅಂತ ಎಲ್ರೂ ಅವರಷ್ಟಕ್ಕೇ ಅಂದ್ಕೊಂಡಿದ್ರು. ಅಷ್ಟೇ ಸಾಕಿತ್ತು" ಅಂದಳು. ದೂರುವ ದನಿಯಲ್ಲ. ದಾರ ಹಲ್ಲಿನಿಂದ ಕಡಿದು ಸೂಜಿಗೆ ಪೋಣಿಸುತ್ತಾ ಹೇಳಿದಳು.

ಆ ವಠಾರ ಬಿಟ್ಟ ಮೇಲೂ ಚನ್ನಮ್ಮ ಅವರ ಜೊತೆಗೇ ಇದ್ದರಂತೆ. "ಅಲ್ಲಿ ಇಡು" ಕೂಡ ಹಾಗೇ ಇತ್ತಂತೆ. ಕೊನೆಯ ಆರು ತಿಂಗಳು ಕೈಕಾಲು ಬಿದ್ದುಹೋಗಿ ಹಾಸಿಗೆ ಹಿಡಿದರು. "ಆವಾಗ ನನ್ನ ಕೈಯಿಂದಾನೇ ತಿಂದ್ರು ಮೇಡಂ. ಕಣ್ಣು ಮುಚ್ಕೊಂಡು ತಿನ್ನೋರು. ಒಂದಿನ ಮಾತ್ರ ಕಣ್ಣು ಬಿಟ್ಕೊಂಡು ತಿಂದ್ರು. ಯಾಕೋ ಗೊತ್ತಿಲ್ಲ" ಅಂದಳು. ಹೋದ ವರ್ಷ ಅವರು ತೀರಿಕೊಂಡರು. ತಿಥಿ ಕಳೆದ ಮೇಲೆ ಲೋಕೇಶನಿಗೆ ಚಪ್ಪಲಿಯ ವಿಷಯ ಹೇಳಿದಳಂತೆ. ಅವನು ಮಗುವಿನ ಹಾಗೆ ಅತ್ತನಂತೆ. "ಈಗ ಅವ್ರು ಕೈ ಚಾಚ್ತಾರೆ. ನನಗೇ ರೂಢಿ ತಪ್ಪೋಗಿದೆ, ಮರೆತು ಕೆಳಗೇ ಇಟ್ಬಿಡ್ತೀನಿ" ಎಂದು ನಕ್ಕಳು.

ಮೂವತ್ತೊಂದು ವರ್ಷ ಜನರ ಮಾತು ಕೇಳುವುದೇ ನನ್ನ ಕಸುಬಾಗಿತ್ತು. ನನ್ನ ಕೈಬರಹದ ವರದಿಯಲ್ಲಿ, ನಾನು ಟಿಕ್ ಹಾಕಿದ ಜಾಗದಲ್ಲಿ ಇದ್ದದ್ದು ಒಬ್ಬ ಹುಡುಗಿ ತನ್ನ ಅತ್ತೆಯನ್ನು ಉಳಿಸಲು ಹೇಳಿದ ಸುಳ್ಳು. ಅವಳು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಧೈರ್ಯಕ್ಕಲ್ಲ, ನಾನು ಆ ಪ್ರಶ್ನೆಯನ್ನು ವಾಪಸ್ಸು ತೆಗೆದುಕೊಳ್ಳುತ್ತೇನೇನೋ ಎಂದು. ನನಗೆ ಅದು ಕಾಣಲಿಲ್ಲ. ಆ ಮುದುಕರಿಗೆ ಕನ್ನಡಕ ಕೊಡಿಸಿದವಳು ನಾನೇ.

ಬರೆಯಲೇ ಎಂದು ಕೇಳಿದೆ. "ಬರೀರಿ. ಹೆಸರು ಹಾಕ್ಬೇಡಿ. ಆ ಕೆಲಸಕ್ಕೆ ಬರೋ ಹುಡುಗೀರ್ಗೆ ಗೊತ್ತಾಗ್ಲಿ" ಅಂದಳು. ಅದಕ್ಕೇ ಬರೆದಿದ್ದೇನೆ. ಇನ್ನೊಂದು ಕಾರಣವೂ ಇದೆ. ಅವತ್ತು ಅಲ್ಲಿಂದ ಮನೆಗೆ ಬಂದು ಬಾಗಿಲು ತೆರೆದಾಗ, ಒಂದೇ ಒಂದು ಸಲ ಬಾಗಿಲಾಚೆಯ ಮಾತನ್ನು ಒಳಗೆ ತರೋಣ ಅನ್ನಿಸಿತು. ಕೇಳಲು ಯಾರೂ ಇರಲಿಲ್ಲ. ಯಜಮಾನರ ಆ ಕುರ್ಚಿಯ ಎದುರಿಗೆ ಕೂತು ಇದನ್ನೆಲ್ಲ ಬರೆದೆ.

ಅವತ್ತು ಅಂಗಡಿಯಿಂದ ನಾನು ಹೊರಡುವ ಮುಂಚೆ ಮಂಜುಳಾ ಪರದೆಯ ಹಿಂದೆ ಹೋಗಿ ಟೀ ಮಾಡಿಕೊಂಡು ಬಂದಳು. ನನ್ನ ಮುಂದೆ ನಿಂತು, ರೂಢಿಯಂತೆ ಬಗ್ಗಿ, ಲೋಟವನ್ನು ಮಷೀನಿನ ಅಂಚಿನಲ್ಲಿ ಇಟ್ಟಳು. ನಾನು ಅದನ್ನು ಎತ್ತಿಕೊಳ್ಳಲಿಲ್ಲ. ಎರಡೂ ಕೈ ಚಾಚಿದೆ.

"ಕೈಗೆ ಕೊಡು ಮಂಜುಳಾ" ಅಂದೆ.

ಅವಳು ಒಂದು ಕ್ಷಣ ನನ್ನ ಕೈಗಳನ್ನೇ ನೋಡಿದಳು. ಆಮೇಲೆ ಲೋಟ ಎತ್ತಿ ಕೊಟ್ಟಳು. ಲೋಟ ಬಹಳ ಬಿಸಿಯಿತ್ತು. ಕುಡಿದು ಮುಗಿಸುವವರೆಗೆ ನಾನು ಅದನ್ನು ಕೆಳಗಿಡಲಿಲ್ಲ.